ಒಂದೇ ಕಂಬ, ಎರಡು ಲೆಕ್ಕ: ಆಂಧ್ರದ ಫೈಬರ್‌ನೆಟ್ ಮತ್ತು ಕೇರಳದ ಕೆ-ಫೋನ್

ಬ್ರಾಡ್‌ಬ್ಯಾಂಡ್ ಜಾಲವನ್ನು ರಾಜ್ಯ ಸರ್ಕಾರವೇ ಕಟ್ಟಬೇಕೆಂದು ಯೋಜಿಸುವವರ ಮುಂದೆ ಈ ಎರಡು ಮಾದರಿಗಳಿವೆ. ಎರಡೂ ಬಹುಮಟ್ಟಿಗೆ ವಿದ್ಯುತ್ ಕಂಬಗಳ ಮೇಲೆಯೇ ಫೈಬರ್ ಎಳೆದಿವೆ. ಇದರಿಂದ ನೆಲ ಅಗೆಯುವ ವೆಚ್ಚ ಉಳಿಯುತ್ತದೆಯಾದರೂ, ಮಳೆಗಾಲದಲ್ಲಿ ಕೊಂಬೆಯೊಂದು ಮುರಿದು ಬಿದ್ದರೆ ಕರೆಂಟಿನ ಜೊತೆಗೆ ಇಂಟರ್‌ನೆಟ್ಟೂ ಹೋಗುತ್ತದೆ.

2017ರ ಡಿಸೆಂಬರ್‌ನಲ್ಲಿ ಉದ್ಘಾಟನೆಗೊಂಡ ಆಂಧ್ರದ ಜಾಲ, ತಿಂಗಳಿಗೆ 149 ರೂಪಾಯಿಯ ಆರಂಭಿಕ ದರದಲ್ಲಿ ಇಂಟರ್‌ನೆಟ್, ಟಿ.ವಿ., ದೂರವಾಣಿ ಮೂರನ್ನೂ ಒಟ್ಟಿಗೆ ಕೊಟ್ಟು, ಮನೆಮನೆಗೆ ತಂತಿ ಎಳೆಯುವ ಕೆಲಸವನ್ನು ಊರಿನ ಕೇಬಲ್ ಆಪರೇಟರ್‌ಗಳಿಗೆ ವಹಿಸಿತು. ಧಾರಾವಾಹಿಗೆಂದು ಸಂಪರ್ಕ ಪಡೆದ ಮನೆಯೊಳಗೆ ಇಂಟರ್‌ನೆಟ್ ತಾನಾಗಿಯೇ ಬಂದು ಕೂರುವ ಈ ಏರ್ಪಾಡು ಜಾಣತನದ್ದೇ; ಆದರೆ ಇಷ್ಟು ಅಗ್ಗದ ದರದಲ್ಲಿ ಚಾನೆಲ್‌ಗಳ ಖರ್ಚನ್ನೂ ಹೊತ್ತು ಜಾಲದ ದುರಸ್ತಿಗೆ ಹಣ ಉಳಿಸುವುದು ಸುಲಭವಲ್ಲ.

ಇಂಟರ್‌ನೆಟ್ಟನ್ನು ಹಕ್ಕೆಂದು ಪರಿಗಣಿಸಿದ ಕೇರಳ, 2023ರ ಜೂನ್ 5ರಂದು ಚಾಲನೆಗೊಂಡ ಕೆ-ಫೋನ್‌ಗೆ (ಕೇರಳ ಫೈಬರ್ ಆಪ್ಟಿಕ್ ನೆಟ್‌ವರ್ಕ್) ಸುಮಾರು 30,000 ಸರ್ಕಾರಿ ಕಚೇರಿಗಳನ್ನೂ 20 ಲಕ್ಷ ಬಡ ಕುಟುಂಬಗಳ ಉಚಿತ ಸಂಪರ್ಕವನ್ನೂ ಗುರಿಯಾಗಿಟ್ಟಿತು. ಮೊದಲ ಹಂತಕ್ಕೆ ಆರಿಸಿಕೊಂಡದ್ದು ಮಾತ್ರ ವಿಧಾನಸಭಾ ಕ್ಷೇತ್ರಕ್ಕೆ ನೂರರಂತೆ 14,000 ಮನೆ.

ಶಾಲೆ, ಆಸ್ಪತ್ರೆ, ಕಚೇರಿಗಳ ಜೋಡಣೆಯೇ ಮೊದಲ ಅಗತ್ಯವಾಗಿರುವ ರಾಜ್ಯಕ್ಕೆ ಕೇರಳದ ದಾರಿಯೇ ಮೇಲೆನ್ನುತ್ತೇನೆ. ಕೇಬಲ್ ಆಪರೇಟರ್‌ಗಳು ಹಳ್ಳಿಹಳ್ಳಿಯಲ್ಲೂ ಇದ್ದು, ಮನೆಗಳನ್ನು ಬೇಗ ತಲುಪಬೇಕಿದ್ದರೆ ಆಂಧ್ರದ್ದು ಹೊಂದುತ್ತದೆ, ದರವನ್ನಷ್ಟು ಏರಿಸಿಕೊಂಡು.