ಪುಣೆಯಿಂದ ದಾವಣಗೆರೆಗೆ ಹನ್ನೆರಡು ದಿನ: ಒಂದು ಸಾಮಾನು ಸಾಗಣೆ ಸಂಸ್ಥೆಯೊಂದಿಗಿನ ಅನುಭವ

ಪುಣೆಯಿಂದ ದಾವಣಗೆರೆಗೆ ಹೆದ್ದಾರಿಯಲ್ಲಿ ಆರುನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಹುಬ್ಬಳ್ಳಿ ದಾಟಿ ಬರುವ ಲಾರಿಗೆ ಒಂದು ರಾತ್ರಿ, ಹೆಚ್ಚೆಂದರೆ ಒಂದೂವರೆ ದಿನ ಸಾಕು. ನನ್ನ ಮನೆಯ ಸಾಮಾನು 2025ರ ಮೇ 8ರಂದು ಕೋಥ್ರೂಡಿನಿಂದ ಹೊರಟಿತು. ವಿದ್ಯಾನಗರದ ನಮ್ಮ ಮನೆಯ ಮುಂದೆ ಬಂದು ನಿಂತದ್ದು ಮೇ 20ರಂದು. ಹೊರಟಾಗ 41 ನಗ ಇದ್ದವು, ಬಂದಾಗ 37. ಈ ಸೇವೆಗೆ ನಾನು ಒಂದು ನಕ್ಷತ್ರವನ್ನೂ ಕೊಡಲಾರೆ.

ಪ್ರಕರಣ ಗ್ರಾಹಕರ ಆಯೋಗದ ಮುಂದಿರುವುದರಿಂದ ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ಇಂಥವರು ಹೆಸರನ್ನು ಬೇಕೆಂದಾಗ ಬದಲಿಸಿಕೊಳ್ಳುತ್ತಾರೆ. ಅವರು ಕೆಲಸ ಮಾಡುವ ರೀತಿ ಮಾತ್ರ ಬದಲಾಗುವುದಿಲ್ಲ, ಆದ್ದರಿಂದ ಅದನ್ನೇ ವಿವರವಾಗಿ ಬರೆಯುತ್ತೇನೆ.

ನಾನು ಪುಣೆಯ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ 22 ವರ್ಷ ದುಡಿದವಳು. ನಿವೃತ್ತಿಯಾದ ಮೇಲೆ ಊರಿಗೆ ಮರಳುವುದೆಂದು ಮೊದಲೇ ನಿರ್ಧಾರವಾಗಿತ್ತು. ಜಾಲತಾಣವೊಂದರಲ್ಲಿ ನನ್ನ ಮೊಬೈಲ್ ಸಂಖ್ಯೆ ಕೊಟ್ಟ ಹತ್ತು ನಿಮಿಷದೊಳಗೆ ಆರು ಕಡೆಯಿಂದ ಕರೆ ಬಂತು. ಐದು ಮಂದಿ 40 ಸಾವಿರದ ಆಸುಪಾಸಿನಲ್ಲಿ ಹೇಳಿದರು. ಆರನೆಯವನು ಮಾತ್ರ ಕಟ್ಟುವುದು, ಏರಿಸುವುದು, ಇಳಿಸುವುದು, ಟೋಲ್ ಎಲ್ಲ ಸೇರಿ 31 ಸಾವಿರ ಎಂದ. ಆ ಒಂಬತ್ತು ಸಾವಿರ ಎಲ್ಲಿ ಉಳಿಯುತ್ತದೆ ಎಂದು ನಾನು ಅವನನ್ನು ಕೇಳಬೇಕಿತ್ತು. ಕೇಳಲಿಲ್ಲ. ಮಾತುಮಾತಿಗೂ ‘ಮಾವಶಿ’ ಎನ್ನುತ್ತಿದ್ದ, ಮರಾಠಿಯಲ್ಲಿ ಚಿಕ್ಕಮ್ಮ ಎಂದು. ಮನೆ ನೋಡಲು ಯಾರೂ ಬರಲಿಲ್ಲ, ಕೋಣೆಗಳ ವಿಡಿಯೊ ಕಳುಹಿಸಿದರೆ ಸಾಕು ಎಂದರು. ಮುಂಗಡ 6 ಸಾವಿರ ಕಳುಹಿಸಿದಾಗ ಹಣ ಸೇರಿದ್ದು ಸಂಸ್ಥೆಯ ಖಾತೆಗಲ್ಲ, ಯಾರೋ ಒಬ್ಬ ವ್ಯಕ್ತಿಯ ಖಾತೆಗೆ. ಅದನ್ನು ಗಮನಿಸಿದೆ, ಆದರೆ ಸುಮ್ಮನಾದೆ. ಮನೆ ಖಾಲಿ ಮಾಡಲು ನಾಲ್ಕೇ ದಿನ ಉಳಿದಿದ್ದವು.

ಸಾಮಾನು ಕಟ್ಟುವ ದಿನ ನಾಲ್ವರು ಬರಬೇಕಿತ್ತು, ಮೂವರು ಬಂದರು. ಆ ಹುಡುಗರ ಮೇಲೆ ನನಗೆ ಯಾವ ದೂರೂ ಇಲ್ಲ. ಗಾಜಿನ ಸಾಮಾನನ್ನು ಹಳೆಯ ಪತ್ರಿಕೆಯಲ್ಲಿ ಒಂದೊಂದಾಗಿ ಸುತ್ತಿದರು. ಗೋದ್ರೇಜ್ ಬೀರುವನ್ನು ಮೂರನೆಯ ಮಹಡಿಯಿಂದ ಒಂದು ಗೀರೂ ಬೀಳದಂತೆ ಇಳಿಸಿದರು. ಅವರಲ್ಲಿ ಕಿರಿಯವನು, ಇಪ್ಪತ್ತರ ಆಚೀಚಿನ ಬಿಹಾರದ ಹುಡುಗ, ನಮ್ಮ ಅವ್ವನ ತಂಬೂರಿಯನ್ನು ನೋಡಿ ಇದರೊಳಗೆ ಏನಿದೆ ಎಂದು ಕೇಳಿದ. ಏನೂ ಇಲ್ಲ, ಬುರುಡೆ ಟೊಳ್ಳು, ಒಣಗಿದ ಸೋರೆಕಾಯಿ ಎಂದೆ. ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ, ತನ್ನ ಬಳಿಯಿದ್ದ ಎರಡು ಕಂಬಳಿಗಳನ್ನು ಅದಕ್ಕೇ ಸುತ್ತಿದ. ಅವ್ವ ಹುಬ್ಬಳ್ಳಿಯಲ್ಲಿ ಸಂಗೀತ ಕಲಿಯುತ್ತಿದ್ದಾಗ ಮಿರಜಿನಿಂದ ತರಿಸಿಕೊಂಡಿದ್ದ ತಂಬೂರಿ ಅದು. ಮಿರಜಿನ ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅವ್ವನಿಗೆ ಯಾವ ಮಾನ್ಯತೆಯೂ ಬೇಕಿರಲಿಲ್ಲ, ಮಿರಜಿನದು ಎಂದರೆ ಮುಗಿಯಿತು.

ಮೋಸ ನಡೆದದ್ದು ಕಾಗದದಲ್ಲಿ. ಮೇಲ್ವಿಚಾರಕ ಸಾಮಾನಿನ ಪಟ್ಟಿ ಎಂದು ಕೊಟ್ಟ ಹಾಳೆಯಲ್ಲಿ ಏಳೇ ಸಾಲುಗಳಿದ್ದವು. ಮಂಚ, ಬೀರು, ಫ್ರಿಜ್, ವಾಷಿಂಗ್ ಮಷಿನ್, ಟಿವಿ, ಮೇಜು. ಏಳನೆಯ ಸಾಲು: ‘ಇತರೆ ಮನೆ ಸಾಮಾನು, 1 ಲಾಟ್’. ಮೂವತ್ತು ಚಿಲ್ಲರೆ ರಟ್ಟಿನ ಪೆಟ್ಟಿಗೆಗಳೆಲ್ಲ ಆ ಒಂದು ಲಾಟಿನೊಳಗೆ. ಪಕ್ಕದಲ್ಲಿ ಸ್ಥಿತಿ ಎಂಬ ಕಾಲಮ್ಮು. ಅದರಲ್ಲಿ ಪ್ರತಿ ವಸ್ತುವಿನ ಎದುರೂ ‘ಹಳೆಯದು, ಗೀರು ಇದೆ’ ಎಂದು ಮೊದಲೇ ಬರೆದಾಗಿತ್ತು. ಎರಡು ತಿಂಗಳ ಹಿಂದೆ ಕೊಂಡ ಫ್ರಿಜ್ಜಿನ ಎದುರೂ ಅದೇ. ಹೀಗೆ ಬರೆದಿಟ್ಟರೆ ನಾಳೆ ಯಾವುದು ಒಡೆದರೂ ಅದು ಮೊದಲೇ ಒಡೆದಿತ್ತು, ಯಾವ ಪೆಟ್ಟಿಗೆ ಕಳೆದರೂ ಅದು ಲೆಕ್ಕದಲ್ಲಿ ಇರಲೇ ಇಲ್ಲ. ನಾನು ಸಹಿ ಹಾಕಲು ಒಪ್ಪಲಿಲ್ಲ. ನಾನೇ ಕುಳಿತು ಬೇರೆ ಹಾಳೆಯಲ್ಲಿ 1ರಿಂದ 41ರವರೆಗೆ ಬರೆದೆ, ಪೆಟ್ಟಿಗೆಗಳ ಮೇಲೆ ದಪ್ಪ ಪೆನ್ನಿನಿಂದ ಅದೇ ಸಂಖ್ಯೆ ಮತ್ತು ನನ್ನ ಫೋನ್ ನಂಬರ್ ಹಾಕಿದೆ. ತಂಬೂರಿಗೆ ಕೊನೆಯ ಸಂಖ್ಯೆ, 41. ಮೇಲ್ವಿಚಾರಕ ಮುಖ ಗಂಟು ಹಾಕಿಕೊಂಡೇ ನನ್ನ ಹಾಳೆಗೆ ಸಹಿ ಹಾಕಿದ. ಲಾರಿಯ ಹಲಗೆಯ ಫೋಟೊ ತೆಗೆದುಕೊಂಡೆ. ಮುಂದೆ ನನ್ನ ಕೈಹಿಡಿದದ್ದು ಈ ಹಾಳೆ ಮತ್ತು ಆ ಫೋಟೊ, ಇವೆರಡೇ.

ಅಂದು ಇನ್ನೂ 15 ಸಾವಿರ ಕೊಟ್ಟೆ. ಅದರ ಮೇಲೆ ವಿಮೆಗೆಂದು 4,500. ಸಾಮಾನಿನ ಮೌಲ್ಯ ಒಂದೂವರೆ ಲಕ್ಷ, ಅದಕ್ಕೆ ನೂರಕ್ಕೆ ಮೂರು ಎಂಬ ಲೆಕ್ಕ. ಅದಕ್ಕೆ ಪ್ರತಿಯಾಗಿ ಸಿಕ್ಕಿದ್ದು ರಸೀದಿಯ ಮೇಲೆ ‘ಇನ್ಶೂರ್ಡ್’ ಎಂಬ ಒಂದು ರಬ್ಬರ್ ಮೊಹರು. ವಿಮಾ ಕಂಪನಿಯ ಹೆಸರಿಲ್ಲ, ಪಾಲಿಸಿಯ ಸಂಖ್ಯೆಯಿಲ್ಲ. ಇವೆರಡೂ ಇಲ್ಲದಿದ್ದರೆ ಅದು ವಿಮೆಯೇ ಅಲ್ಲ.

ಮೇ 10, ಶನಿವಾರ ಬೆಳಿಗ್ಗೆ ಲಾರಿ ಬರಬೇಕಿತ್ತು. ಖಾಲಿ ಮನೆಯಲ್ಲಿ ಚಾಪೆ ಹಾಸಿಕೊಂಡು ಕಾದೆವು. ಸಂಜೆ ಆರರ ಹೊತ್ತಿಗೆ ಕರೆ ಬಂತು, ಬೇರೆ ದನಿ. ‘ಮಾವಶಿ’ ಹೋಗಿ ‘ಮೇಡಂ’ ಆಗಿತ್ತು. ಲಾರಿ ಗಡಿಯಲ್ಲಿ ನಿಂತಿದೆ, ಇನ್ನೂ 18,700 ರೂಪಾಯಿ ಕಳುಹಿಸಬೇಕು ಎಂದ. ನಾನು ಪೆನ್ನು ಹಿಡಿದು ವಿವರ ಕೇಳಿದೆ. ಇ-ವೇ ಬಿಲ್ಲಿಗೆ, ಅಂದರೆ ಸರಕು ಸಾಗಣೆಯ ಆನ್‌ಲೈನ್ ಪತ್ರಕ್ಕೆ, 2,200. ಕರ್ನಾಟಕ ಪ್ರವೇಶ ತೆರಿಗೆ 4,500. ಹೆಚ್ಚುವರಿ ತೂಕಕ್ಕೆ 9,000. ಗೋದಾಮಿನ ಬಾಡಿಗೆ ಎರಡು ದಿನಕ್ಕೆ 3,000.

ಕೂಡಿದರೆ ಲೆಕ್ಕ ಸರಿಯಾಗಿತ್ತು, ಆದರೆ ಒಂದು ಬಾಬೂ ನಿಜವಲ್ಲ. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ ಬೇಕಿಲ್ಲ, ಜಿಎಸ್‌ಟಿ ನಿಯಮದಲ್ಲೇ ಅದಕ್ಕೆ ವಿನಾಯಿತಿ ಇದೆ. ಪ್ರವೇಶ ತೆರಿಗೆ 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗಲೇ ಹೋಯಿತು. ತೂಕ ಹಾಕಿದ ಚೀಟಿ ಕಳುಹಿಸಿ ಎಂದರೆ ಮಾತು ತಪ್ಪಿಸಿದ. ಲಾರಿ ಗಡಿಯಲ್ಲಿದ್ದರೆ ಗೋದಾಮಿನ ಬಾಡಿಗೆ ಯಾವುದು ಎಂದು ಕೇಳಿದೆ. ಕರೆ ಕಡಿತವಾಯಿತು. ಆಮೇಲೆ ಒಂದೇ ಸಾಲಿನ ಸಂದೇಶ ಬಂತು: ಹಣ ಬರುವವರೆಗೆ ದಿನಕ್ಕೆ 1,500 ಬಾಡಿಗೆ ಏರುತ್ತಿರುತ್ತದೆ.

ಆ ರಾತ್ರಿ ಅವರ ರಸೀದಿಯನ್ನು ಮುಂದಿಟ್ಟುಕೊಂಡು ಕುಳಿತೆ. ಅದರಲ್ಲಿ ಮುದ್ರಿಸಿದ್ದ ಜಿಎಸ್‌ಟಿ ಸಂಖ್ಯೆ 07ರಿಂದ ಶುರುವಾಗುತ್ತಿತ್ತು. ಆ ಹದಿನೈದು ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಸಂಕೇತ. ಮಹಾರಾಷ್ಟ್ರಕ್ಕೆ 27, ಕರ್ನಾಟಕಕ್ಕೆ 29, ದೆಹಲಿಗೆ 07. ಪುಣೆಯ ವಿಳಾಸ ಹಾಕಿಕೊಂಡವರಿಗೆ ದೆಹಲಿಯ ಸಂಖ್ಯೆ ಹೇಗೆ? ಜಿಎಸ್‌ಟಿ ಜಾಲತಾಣದಲ್ಲಿ ಯಾರು ಬೇಕಾದರೂ ಸಂಖ್ಯೆ ಹಾಕಿ ಹುಡುಕಬಹುದು, ಲಾಗಿನ್ ಕೂಡ ಬೇಡ. ಹುಡುಕಿದೆ. ಬೇರೆಯೇ ಹೆಸರಿನ ವ್ಯಾಪಾರ, ನೋಂದಣಿ ರದ್ದಾಗಿದೆ. ಈ ಎರಡು ನಿಮಿಷದ ಕೆಲಸವನ್ನು ಮುಂಗಡ ಕೊಡುವ ಮೊದಲು ಮಾಡಬೇಕಿತ್ತು. ಬೇರೆಯವರ ಬಿಲ್ಲುಗಳನ್ನು ಇಪ್ಪತ್ತೆರಡು ವರ್ಷ ಹೀಗೆಯೇ ಪರಿಶೀಲಿಸಿದವಳು ನಾನು. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಸೋಮವಾರ ಅಪರಿಚಿತ ಸಂಖ್ಯೆಯಿಂದ ಕರೆ ಬಂತು. ಆ ಬಿಹಾರದ ಹುಡುಗ. ಪೆಟ್ಟಿಗೆಯ ಮೇಲಿದ್ದ ನಂಬರ್ ನೋಡಿ ಮಾಡಿದ್ದ. “ಮೌಸಿ, ನಿಮ್ಮ ಸಾಮಾನು ಪುಣೆಯಲ್ಲೇ, ವಾಘೋಲಿಯ ಗೋದಾಮಿನಲ್ಲೇ ಇದೆ. ಎಲ್ಲಿಗೂ ಹೋಗಿಲ್ಲ. ನಾನು ಹೇಳಿದೆ ಎಂದು ಹೇಳಬೇಡಿ” ಎಂದು ಇಟ್ಟುಬಿಟ್ಟ. ಅವನ ಎರಡು ತಿಂಗಳ ಸಂಬಳ ಬಾಕಿಯಿದೆ ಎಂದು ಸಾಮಾನು ಕಟ್ಟುವ ದಿನವೇ ಹೇಳಿದ್ದ. ಅಂಥ ಸ್ಥಿತಿಯಲ್ಲಿದ್ದ ಹುಡುಗ ನನಗಾಗಿ ಇಷ್ಟು ಮಾಡಿದ. ಅವನ ಹೆಸರನ್ನು ನಾನು ಎಲ್ಲೂ ಬರೆದಿಲ್ಲ, ದೂರಿನಲ್ಲೂ ಇಲ್ಲ.

ಮರುದಿನ ಹತ್ತಿರದ ಪೊಲೀಸ್ ಠಾಣೆಗೆ ಹೋದೆ. ಪುಣೆಯಲ್ಲಿ ನಡೆದದ್ದು, ಅಲ್ಲಿಯೇ ದೂರು ಕೊಡಿ ಎಂದರು ಮೊದಲು. ಹಾಗೇನಿಲ್ಲ, ಘಟನೆ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಶೂನ್ಯ ಎಫ್‌ಐಆರ್ ದಾಖಲಿಸಬಹುದು ಎಂದು ವಿನಯದಿಂದಲೇ ಹೇಳಿ, ನನ್ನ 41 ಸಾಲಿನ ಹಾಳೆ, ಹಣ ಕಳುಹಿಸಿದ ವಿವರ, ಲಾರಿಯ ಫೋಟೊ, ದಿನಕ್ಕೆ 1,500 ಎಂಬ ಸಂದೇಶ ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿದೆ. ಕಾಗದ ಜೋಡಿಸುವುದು ನನಗೆ ಗೊತ್ತಿರುವ ಕೆಲಸ. ಸಬ್ ಇನ್ಸ್‌ಪೆಕ್ಟರ್ ಒಂದೊಂದನ್ನೂ ಓದಿದರು. ಆಮೇಲೆ ತಾವೇ ಆ ಸಂಖ್ಯೆಗೆ ಕರೆ ಮಾಡಿದರು. ಸಾಗಿಸಲು ನಂಬಿ ಒಪ್ಪಿಸಿದ ಸಾಮಾನನ್ನು ಸಾಗಣೆದಾರನೇ ಲಪಟಾಯಿಸಿದರೆ ಭಾರತೀಯ ನ್ಯಾಯ ಸಂಹಿತೆಯ 316ನೆಯ ಕಲಮಿನ ಪ್ರಕಾರ ಏಳು ವರ್ಷದವರೆಗೆ ಶಿಕ್ಷೆ ಇದೆ ಎಂದು ಹಿಂದಿಯಲ್ಲಿ ನಿಧಾನವಾಗಿ ತಿಳಿಸಿದರು. ಅತ್ತ ಕಡೆಯ ದನಿ ಇಳಿಯಿತು. ಅಂದು ಸಂಜೆಯೇ 18,700 ಇದ್ದದ್ದು 9,000ಕ್ಕೆ ಬಂತು, ಮರುದಿನ 4,000ಕ್ಕೆ. ಕರಾರಿನಂತೆ ಉಳಿದಿರುವುದು 10 ಸಾವಿರ, ಸಾಮಾನು ಎಣಿಸಿಕೊಂಡ ಮೇಲೆ ಕೊಡುತ್ತೇನೆ, ಅದರ ಮೇಲೆ ಒಂದು ರೂಪಾಯಿಯೂ ಇಲ್ಲ ಎಂದು ಬರೆದು ಕಳುಹಿಸಿದೆ. ಆಮೇಲೆ ಐದು ದಿನ ಏನೂ ಸುದ್ದಿಯಿಲ್ಲ.

ಮೇ 20ರ ನಸುಕಿನಲ್ಲಿ ಕಂಟೇನರ್ ಲಾರಿ ಬಂತು. ಚಾಲಕ ಇಂಡಿ ತಾಲ್ಲೂಕಿನವರು, ಕೆಳಗಿಳಿದವರೇ “ಅಕ್ಕಾ, ದುಡ್ಡು ಮೊದಲು ತಗೋ ಎಂದಿದ್ದಾರೆ, ನಾನು ಏನು ಮಾಡಲಿ” ಎಂದರು. ಅವರಿಗೆ ಕೊಟ್ಟಿದ್ದ ಬಿಲ್ಟಿ, ಅಂದರೆ ಲಾರಿ ಸರಕಿನ ಚೀಟಿ, ತೋರಿಸಿದರು. ಲಾರಿ ಪೂರ್ತಿ ನನ್ನದಲ್ಲ, ನಾಲ್ಕು ಮನೆಗಳ ಸಾಮಾನು ಒಟ್ಟಿಗೆ, ಅದರಲ್ಲಿ ನನ್ನ ಪಾಲಿನ ಬಾಡಿಗೆ 11 ಸಾವಿರ. ಅದರಲ್ಲೂ ಅರ್ಧ ಅವರಿಗೆ ಇನ್ನೂ ಸಂದಾಯವಾಗಿರಲಿಲ್ಲ. ನಾವಿಬ್ಬರೂ ಬಾಗಿಲಲ್ಲಿ ಕುಳಿತು ಮಾತಾಡಿಕೊಂಡೆವು. ಇಳಿಸಿ ಎಣಿಸಿದ ಮೇಲೆ 10 ಸಾವಿರದಲ್ಲಿ ಅವರ ಬಾಕಿ 5,500 ಅವರ ಕೈಗೇ, ಉಳಿದ 4,500 ಮಾತ್ರ ಸಂಸ್ಥೆಗೆ, ಎರಡಕ್ಕೂ ರಸೀದಿ. ಅವರು ಒಪ್ಪಿದರು. ಮಂಡಕ್ಕಿ, ಚಹಾ ತರಿಸಿದೆ. ಪಟ್ಟಿ ಹಿಡಿದು ಒಂದೊಂದೇ ಟಿಕ್ ಹಾಕುತ್ತಾ ಹೋದೆ.

9, 17, 26, 33 ಬರಲೇ ಇಲ್ಲ. ಮಿಕ್ಸಿ, ಕುಕ್ಕರ್ ಮತ್ತು ಸ್ಟೀಲ್ ಪಾತ್ರೆಗಳ ಪೆಟ್ಟಿಗೆ, ಸೀರೆಗಳ ಪೆಟ್ಟಿಗೆ, ನಿಲ್ಲಿಸುವ ಫ್ಯಾನು. ‘1 ಲಾಟ್’ ಎಂಬ ಅವರ ಹಾಳೆಗೆ ಸಹಿ ಹಾಕಿದ್ದರೆ ಈ ನಾಲ್ಕೂ ಇದ್ದವು ಎಂದು ಸಾಧಿಸಲು ನನ್ನ ಬಳಿ ಏನೂ ಇರುತ್ತಿರಲಿಲ್ಲ.

41 ಕೊನೆಗೆ ಬಂತು. ಎರಡು ಕಂಬಳಿಗಳು ಇರಲಿಲ್ಲ, ಯಾರೋ ಬಿಚ್ಚಿಕೊಂಡು ಒಂದು ಹರಿದ ರಟ್ಟು ಸುತ್ತಿದ್ದರು. ರಟ್ಟು ತೆಗೆಯುವಾಗಲೇ ಒಳಗೆ ಏನೋ ಉರುಳಿದ ಸದ್ದಾಯಿತು. ಬುರುಡೆಯ ಹಿಂಬದಿ ಅಂಗೈ ಅಗಲ ಒಡೆದು, ಚೂರೊಂದು ಒಳಗೇ ಬಿದ್ದಿತ್ತು, ತೆಂಗಿನ ಚಿಪ್ಪಿನಷ್ಟು ದಪ್ಪ, ಒಳಮೈ ಹಳದಿ. ದಂಡಿ ನೆಟ್ಟಗಿತ್ತು, ಬಿರಡೆಗಳು ಗಟ್ಟಿಯಾಗಿದ್ದವು. ತಂತಿಗಳನ್ನು ಹೊರುವ ಕುದುರೆಯ ಮೇಲೆ, ತಂತಿಗಳ ಅಡಿಯಲ್ಲಿ, ನಾದ ತುಂಬಿ ಬರಲೆಂದು ಅವ್ವ ಸರಿಸಿಟ್ಟಿದ್ದ ಜೀವಾಳಿಯ ನೂಲು ಹಾಗೆಯೇ ಇತ್ತು. ಚಾಲಕರು ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು.

ರಸ್ತೆ ಸಾಗಣೆಯ 2007ರ ಕಾಯ್ದೆಯ ಪ್ರಕಾರ ನಷ್ಟದ ಬಗ್ಗೆ ದಾವೆ ಹೂಡುವ ಮೊದಲು, ಸಾಮಾನನ್ನು ಸಾಗಣೆಗೆ ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕು. ಇದು ಬಹಳ ಜನರಿಗೆ ತಿಳಿಯದೆ ಹಕ್ಕು ಕೈತಪ್ಪುತ್ತದೆ. ನಾನು ಅದೇ ವಾರ ರಸೀದಿಯಲ್ಲಿದ್ದ ವಿಳಾಸಕ್ಕೂ ಮೇಲ್ವಿಚಾರಕನ ವಾಟ್ಸ್‌ಆ್ಯಪ್‌ಗೂ ಕಳುಹಿಸಿದೆ. ಅಂಚೆಯಲ್ಲಿ ಹೋದದ್ದು ವಿಳಾಸದಾರರಿಲ್ಲ ಎಂದು ಮರಳಿ ಬಂತು, ವಾಟ್ಸ್‌ಆ್ಯಪ್‌ನದಕ್ಕೆ ಎರಡು ನೀಲಿ ಗೆರೆ ಬಿದ್ದವು. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ದೂರು ಕೊಟ್ಟೆ, ಸಂಸ್ಥೆ ಉತ್ತರಿಸಲಿಲ್ಲ. ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಪುಣೆಗೆ ಅಲೆಯಬೇಕಿಲ್ಲ. ನಮ್ಮಂಥ ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ, ವಕೀಲರೂ ಕಡ್ಡಾಯವಲ್ಲ. ಎರಡು ವರ್ಷದೊಳಗೆ ಕೊಟ್ಟರಾಯಿತು. ಅರ್ಜಿಯನ್ನು ನಾನೇ ಬರೆದೆ.

ತಂಬೂರಿಯನ್ನು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ನಾನೇ ಮಿರಜಿಗೆ ಹೊತ್ತುಕೊಂಡು ಹೋದೆ, ಅದಕ್ಕೂ ಒಂದು ಬರ್ತ್ ತೆಗೆದುಕೊಂಡು. ಅಲ್ಲಿನ ಕುಶಲಕರ್ಮಿ ಒಡೆದ ಅಂಚಿನ ಮೇಲೆ ಬೆರಳಾಡಿಸಿ, ಈ ಚೂರನ್ನೇ ಕೂಡಿಸಿದರೆ ಗೆರೆ ಕಾಣುತ್ತದೆ, ಆದರೆ ನಾದ ಉಳಿಯುತ್ತದೆ ಎಂದರು. ಚೂರನ್ನು ಮಾತ್ರ ಈಗಲೇ ಕೊಡಲು ಆಗುವುದಿಲ್ಲ ಎಂದು ಹೇಳಿ ತಂಬೂರಿಯನ್ನು ಅವರಲ್ಲೇ ಬಿಟ್ಟು ಬಂದೆ. ಅದು 41 ಎಂದು ಬರೆದ ಲಕೋಟೆಯೊಳಗೆ, ಪಟ್ಟಿಯ ಜೊತೆಗೆ, ಆಯೋಗದ ಕಡತದಲ್ಲಿದೆ.