ಒಂದೇ ಕಟ್ಟಡ, ಎರಡು ಲೆಕ್ಕ: ಈಟ್ಯಾಬ್ಸ್ ಮತ್ತು ಸ್ಟಾಡ್ ಪ್ರೊ

ನಾಲ್ಕು ಜನರಿರುವ ನಮ್ಮ ಕಚೇರಿಗೆ ಕಟ್ಟಡ ಭಾರವನ್ನು ತಡೆಯುತ್ತದೆಯೇ ಎಂದು ಲೆಕ್ಕ ಹಾಕುವ ಒಂದು ಸ್ಟ್ರಕ್ಚರಲ್ ತಂತ್ರಾಂಶವನ್ನು ಕೊಳ್ಳಬೇಕಾಗಿ ಬಂದಾಗ, ಮಾರಾಟ ಪ್ರತಿನಿಧಿಗಳ ಪ್ರದರ್ಶನ ನೋಡಿ ತೀರ್ಮಾನಿಸುವ ಬದಲು, ಕೈಯಲ್ಲಿದ್ದ ಎರಡು ಕೆಲಸಗಳನ್ನು ಈಟ್ಯಾಬ್ಸ್ ಮತ್ತು ಸ್ಟಾಡ್ ಪ್ರೊ ಎರಡರಲ್ಲಿಯೂ ಮೊದಲಿನಿಂದ ಕೊನೆಯವರೆಗೆ ಮಾಡಿ ನೋಡಿದೆ. ಒಂದು, ಮಂಗಳೂರಿನಲ್ಲಿ ಸ್ಟಿಲ್ಟ್ ಪಾರ್ಕಿಂಗಿನ ಮೇಲೆ ಏಳು ಅಂತಸ್ತುಗಳ ವಸತಿ ಕಟ್ಟಡ. ಇನ್ನೊಂದು, ತುಮಕೂರು ರಸ್ತೆಯ ಬದಿಯಲ್ಲಿ 30 ಮೀಟರ್ ಅಗಲದ ಉಕ್ಕಿನ ಗೋದಾಮು. ಯಾವುದು ಬೇಗ ಉತ್ತರ ಕೊಡುತ್ತದೆ ಎಂಬುದಕ್ಕಿಂತ, ನಾನು ತಪ್ಪು ಮಾಡಿದಾಗ ಆ ತಪ್ಪು ಯಾವುದರಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ ಎಂಬುದೇ ನನಗೆ ಮುಖ್ಯವಾಗಿತ್ತು.

ಮಾಡೆಲ್ ಕಟ್ಟುವ ಹಂತದಲ್ಲಿ ಈಟ್ಯಾಬ್ಸ್ ನಿಸ್ಸಂದೇಹವಾಗಿ ಮುಂದಿದೆ. ಅದಕ್ಕೆ ಅಂತಸ್ತು ಎಂದರೇನು, ಕಾಲಂ (ಕಂಬ) ಎಂದರೇನು, ಸ್ಲ್ಯಾಬ್ ಎಂದರೇನು ಎಂಬುದು ಗೊತ್ತು. ಒಂದು ಮಹಡಿಯಲ್ಲಿ ಬೀಮ್ (ತೊಲೆ) ಎಳೆದರೆ ಅದೇ ರೀತಿಯ ಉಳಿದ ಮಹಡಿಗಳಲ್ಲಿಯೂ ಮೂಡುತ್ತದೆ. ಬೀಮಿನ ನಡುವೆ ಇನ್ನೊಂದು ಬೀಮ್ ಬಂದು ಕೂತರೆ ಆ ಜಾಗದಲ್ಲಿ ತಾನೇ ಕೂಡಿಕೊಳ್ಳುತ್ತದೆ. ಸ್ಟಾಡ್‌ಗೆ ತಿಳಿದಿರುವುದು ಮುಖ್ಯವಾಗಿ ನೋಡ್ (ಬಿಂದು) ಮತ್ತು ಮೆಂಬರ್ (ಎರಡು ಬಿಂದುಗಳನ್ನು ಕೂಡಿಸುವ ಗೆರೆ). ಅಡ್ಡ ಬೀಮ್ ಬಂದು ಸೇರುವ ಕಡೆ ನೋಡ್ ಇಟ್ಟು ಮುಖ್ಯ ಬೀಮನ್ನು ತುಂಡು ಮಾಡದಿದ್ದರೆ, ಪರದೆಯ ಮೇಲೆ ಕೂಡಿದಂತೆ ಕಂಡರೂ ಲೆಕ್ಕದಲ್ಲಿ ಅವೆರಡಕ್ಕೂ ಸಂಬಂಧವೇ ಇರುವುದಿಲ್ಲ. ಈಟ್ಯಾಬ್ಸ್‌ನಲ್ಲಿ ಎರಡು ದಿನಕ್ಕೆ ಮುಗಿದ ಮಾಡೆಲ್ ಸ್ಟಾಡ್‌ನಲ್ಲಿ ಐದು ದಿನ ಹಿಡಿಯಿತು.

ಭೂಕಂಪನದ ಲೆಕ್ಕಕ್ಕೆ ಬಂದಾಗ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ಭೂಕಂಪನಕ್ಕೆ ಸಂಬಂಧಿಸಿದ ಭಾರತೀಯ ಕೋಡ್ ಐಎಸ್ 1893ರ 2016ರ ಆವೃತ್ತಿಯ ಪ್ರಕಾರ ಮಂಗಳೂರು ಮೂರನೆಯ ವಲಯದಲ್ಲಿದೆ, ಅಂದರೆ ವಲಯಾಂಕ 0.16. ಕಟ್ಟಡದ ಎತ್ತರ 25 ಮೀಟರ್, ಒಂದು ದಿಕ್ಕಿನ ಅಗಲ 16 ಮೀಟರ್. ಇಟ್ಟಿಗೆ ಗೋಡೆ ತುಂಬಿದ ಚೌಕಟ್ಟಿಗೆ ಕೋಡ್ ಕೊಡುವ ಸೂತ್ರದಂತೆ ಕಂಪನಾವಧಿ (ಕಟ್ಟಡ ಒಮ್ಮೆ ಓಲಾಡಿ ಬರಲು ಹಿಡಿಯುವ ಸಮಯ) 0.09 × 25 / √16, ಅಂದರೆ ಸುಮಾರು 0.56 ಸೆಕೆಂಡು. ಈಟ್ಯಾಬ್ಸ್‌ನ ಭೂಕಂಪನ ಲೋಡಿನ ಪುಟದಲ್ಲಿ ಕಂಪನಾವಧಿಯನ್ನು ಅಂದಾಜು ಸೂತ್ರದಿಂದ ಪಡೆಯಬಹುದು, ತಂತ್ರಾಂಶವೇ ಲೆಕ್ಕ ಹಾಕಲಿ ಎನ್ನಬಹುದು ಅಥವಾ ನಾವೇ ಕೊಡಬಹುದು. ನಾನು ಅವಸರದಲ್ಲಿ ಎರಡನೆಯದನ್ನು ಹಾಗೇ ಬಿಟ್ಟಿದ್ದೆ. ಗೋಡೆಗಳ ಬಿಗಿತವನ್ನು ಮಾಡೆಲ್‌ನಲ್ಲಿ ಸೇರಿಸಿರಲಿಲ್ಲ. ಮೇಲಾಗಿ ಬಿರುಕು ಬಿಟ್ಟ ಕಾಂಕ್ರೀಟಿನ ಲೆಕ್ಕಕ್ಕೆ ಬೀಮುಗಳಿಗೆ 0.35, ಕಾಲಂಗಳಿಗೆ 0.7 ಎಂದು ಬಿಗಿತವನ್ನು ಕೋಡ್ ಹೇಳಿದಂತೆಯೇ ತಗ್ಗಿಸಿದ್ದೆ. ಹೀಗಾಗಿ ಅದು ಕಂಡುಕೊಂಡ ಅವಧಿ 1.55 ಸೆಕೆಂಡು. ಅವಧಿ ಹೆಚ್ಚಿದಷ್ಟೂ ಬೇಸ್ ಶಿಯರ್, ಅಂದರೆ ಭೂಕಂಪನ ಕಟ್ಟಡದ ಬುಡದಲ್ಲಿ ಹೇರುವ ಅಡ್ಡಬಲ, ಲೆಕ್ಕದಲ್ಲಿ ಕಡಿಮೆಯಾಗುತ್ತದೆ. ಮಧ್ಯಮ ಮಣ್ಣಿನ ಮೇಲೆ 0.56 ಸೆಕೆಂಡಿಗೆ ಕಟ್ಟಡದ ತೂಕದ ಶೇ. 3.9ರಷ್ಟು ಬರಬೇಕಾದ ಬೇಸ್ ಶಿಯರ್ 1.55 ಸೆಕೆಂಡಿಗೆ ಶೇ. 1.4ಕ್ಕೆ ಇಳಿಯಿತು. ಕೋಡಿನ ಕನಿಷ್ಠ ಮಿತಿಯಾದ ಶೇ. 1.1ಕ್ಕಿಂತ ಹೆಚ್ಚೇ ಇದ್ದುದರಿಂದ ಅಲ್ಲಿಯೂ ಸಿಕ್ಕಿಬೀಳಲಿಲ್ಲ. ಯಾವ ಎಚ್ಚರಿಕೆಯೂ ಮೂಡಲಿಲ್ಲ. ಕಾಲಂಗಳೆಲ್ಲ ಸುಸೂತ್ರವಾಗಿ ಪಾಸಾದವು. ಅಷ್ಟು ಸುಲಭವಾಗಿ ಪಾಸಾದದ್ದೇ ನನಗೆ ಅನುಮಾನ ಹುಟ್ಟಿಸಿತು.

ತಪ್ಪು ತಿಳಿದದ್ದು ಸ್ಟಾಡ್‌ನಿಂದ. ಅದರಲ್ಲಿ ವಲಯಾಂಕ, ಪ್ರತಿಕ್ರಿಯಾ ಗುಣಾಂಕ, ಮಣ್ಣಿನ ಬಗೆ, ಎರಡು ದಿಕ್ಕಿನ ಕಂಪನಾವಧಿ ಎಲ್ಲವೂ ಕಮಾಂಡ್ ಫೈಲಿನ ಒಂದೆರಡು ಸಾಲುಗಳಲ್ಲಿ ಅಕ್ಷರರೂಪದಲ್ಲಿ ನಿಂತಿರುತ್ತವೆ. ಫಲಿತಾಂಶದ ಕಡತದಲ್ಲಿಯೂ ಕಂಪನಾವಧಿ, ವೇಗೋತ್ಕರ್ಷದ ಗುಣಾಂಕ, ಬೇಸ್ ಶಿಯರ್ ಒಂದರ ಕೆಳಗೊಂದು ಅಚ್ಚಾಗುತ್ತವೆ. ಎರಡರ ಮುದ್ರಿತ ಪ್ರತಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಾಗ, ಒಂದು ಬೇಸ್ ಶಿಯರ್ ಇನ್ನೊಂದರ ಮೂರನೇ ಒಂದು ಪಾಲಿಗಿಂತ ತುಸುವೇ ಹೆಚ್ಚಿರುವುದು ಕಾಣಿಸಿತು. ಈಟ್ಯಾಬ್ಸ್ ಈ ಅಂಕಿಯನ್ನು ಮುಚ್ಚಿಡುವುದಿಲ್ಲ, ಕೋಷ್ಟಕಗಳಲ್ಲಿ ಹುಡುಕಿದರೆ ಸಿಗುತ್ತದೆ. ಆದರೆ ಹುಡುಕಲು ಮೊದಲು ಅನುಮಾನ ಬರಬೇಕು. ಅವಧಿಯನ್ನು ಸರಿಪಡಿಸಿದ ಮೇಲೆ ಎರಡರ ಬೇಸ್ ಶಿಯರ್ ಶೇ. 2ರ ಅಂತರದೊಳಗೆ ಬಂತು, ಕೆಳಗಿನ ಎರಡು ಅಂತಸ್ತುಗಳ ಕಾಲಂಗಳನ್ನು ದಪ್ಪ ಮಾಡಬೇಕಾಯಿತು.

ಇಷ್ಟಾದರೂ ಈ ಕಟ್ಟಡಕ್ಕೆ ಕೊನೆಗೆ ಈಟ್ಯಾಬ್ಸ್‌ನ ಲೆಕ್ಕವನ್ನೇ ಆರಿಸಿದೆ. ಅದಕ್ಕೆ ಕಾರಣ, ಸ್ಟಿಲ್ಟಿನಲ್ಲಿ ಕಾರು ತಿರುಗಲು ಜಾಗ ಬೇಕೆಂದು ಬೀಮಿನ ಮೇಲೆಯೇ ನಿಲ್ಲಿಸಿದ್ದ ಎರಡು ಕಾಲಂಗಳು. ಭೂಕಂಪನವನ್ನು ತಡೆಯುವ ಚೌಕಟ್ಟಿನಲ್ಲಿ ಇಂಥ ತೇಲುವ ಕಾಲಂ ಇರಕೂಡದು ಎಂಬುದು 2016ರ ಕೋಡಿನ ಮಾತು. ಇವು ಬಾಲ್ಕನಿಯ ಭಾರವನ್ನಷ್ಟೇ ಹೊರುವಂಥವು. ಇಡೀ ಕಟ್ಟಡ ಒಮ್ಮೆಗೇ ಎದ್ದು ನಿಂತು ಆಮೇಲೆ ಭಾರ ಹೇರಿದಂತೆ ಲೆಕ್ಕ ಹಾಕಿದರೆ, ಮೇಲಿನ ಏಳು ಅಂತಸ್ತುಗಳ ಬೀಮುಗಳೂ ಆ ಭಾರಕ್ಕೆ ಹೆಗಲು ಕೊಟ್ಟು, ಕೆಳಗಿನ ಬೀಮಿನ ಪಾಲು ಕಡಿಮೆ ಕಾಣಿಸುತ್ತದೆ. ನಿಜವಾಗಿ ಸ್ಲ್ಯಾಬು ಒಂದಾದ ಮೇಲೊಂದು ಬೀಳುವುದರಿಂದ, ಮೇಲಿನ ಚೌಕಟ್ಟು ಹುಟ್ಟುವ ಮೊದಲೇ ಆ ಬೀಮು ಬಾಗಿರುತ್ತದೆ. ಈಟ್ಯಾಬ್ಸ್‌ನಲ್ಲಿ ನಿರ್ಮಾಣದ ಹಂತಗಳನ್ನು ಅಂತಸ್ತುವಾರು ಲೆಕ್ಕ ಹಾಕಿಸಿದಾಗ ನಮ್ಮ ಬೀಮಿನ ಮೊಮೆಂಟ್ (ಅದನ್ನು ಬಾಗಿಸುವ ಪರಿಣಾಮ) ಶೇ. 18ರಷ್ಟು ಏರಿತು. ಸ್ಟಾಡ್‌ನಲ್ಲಿ ಇದನ್ನೇ ಪಡೆಯಲು ಪ್ರತಿ ಹಂತಕ್ಕೂ ಬೇರೆ ಮಾಡೆಲ್ ಮಾಡಿ ಕೈಯಿಂದ ಕೂಡಿಸುತ್ತ ಹೋಗಿ, ನಾಲ್ಕನೆಯ ಅಂತಸ್ತಿನಲ್ಲಿ ಕೈಬಿಟ್ಟೆ.

ಗೋದಾಮಿನ ಕಥೆ ಬೇರೆ. ಅಂತಸ್ತೇ ಇಲ್ಲದ ಕಡೆ ಈಟ್ಯಾಬ್ಸ್‌ನ ಜಾಣ್ಮೆ ಉಪಯೋಗಕ್ಕೆ ಬರುವುದಿಲ್ಲ. ಛಾವಣಿಯನ್ನು ಹೊರುವ ಇಳಿಜಾರು ರಾಫ್ಟರುಗಳನ್ನು ಅದರಲ್ಲಿ ಕೂರಿಸುವುದೇ ಒಂದು ಕಸರತ್ತು. ಸ್ಟಾಡ್‌ನಲ್ಲಿ ಅರ್ಧ ದಿನದಲ್ಲಿ ಚೌಕಟ್ಟು ಸಿದ್ಧವಾಯಿತು, ಐಎಸ್‌ಎಂಬಿ (ಐ ಆಕಾರದ ಉಕ್ಕಿನ ಬೀಮು) ಮತ್ತು ಆಂಗಲ್‌ಗಳ ಪಟ್ಟಿ ಸಿದ್ಧವಾಗಿಯೇ ಇತ್ತು. ಆದರೆ ಎರಡು ಕಡೆ ಮೈಯೆಲ್ಲ ಕಣ್ಣಾಗಿರಬೇಕು. ಎಳೆತವನ್ನಷ್ಟೇ ಹೊರುವ ಬ್ರೇಸಿಂಗ್ (ಓರೆಕಟ್ಟು) ಇದ್ದಾಗ ಬೇರೆ ಬೇರೆ ಲೋಡುಗಳ ಫಲಿತಾಂಶವನ್ನು ಕೊನೆಗೆ ಕೂಡಿಸುವುದು ತಪ್ಪು. ಲೋಡ್ ಕಾಂಬಿನೇಶನ್ ಬದಲು ರಿಪೀಟ್ ಲೋಡ್ ಬಳಸಿ, ಲೋಡುಗಳನ್ನು ಮೊದಲೇ ಸೇರಿಸಿ ಪ್ರತಿ ಬಾರಿಯೂ ಹೊಸದಾಗಿ ಲೆಕ್ಕ ಮಾಡಿಸಬೇಕು. ಎರಡನೆಯದು ಇನ್ನೂ ಅಪಾಯದ್ದು. ಪರ್ಲಿನ್ (ಛಾವಣಿಯ ಹಾಳೆಗಳನ್ನು ಹೊರುವ ಅಡ್ಡಪಟ್ಟಿ) ಕೂರುವ ಕಡೆಯೆಲ್ಲ ನೋಡ್ ಇಟ್ಟು ರಾಫ್ಟರನ್ನು ತುಂಡು ಮಾಡಿದರೆ, ನಾವು ಬೇರೆ ಹೇಳದ ಹೊರತು ಸ್ಟಾಡ್ ಪ್ರತಿ ತುಂಡಿನ ಉದ್ದವನ್ನೇ ಬಕ್ಲಿಂಗಿನ (ಒತ್ತಡಕ್ಕೆ ಪಕ್ಕಕ್ಕೆ ಬಳುಕಿ ಸೋಲುವುದರ) ಉದ್ದವೆಂದು ಹಿಡಿಯುತ್ತದೆ. 15 ಮೀಟರಿನ ರಾಫ್ಟರು 1.5 ಮೀಟರಿನದೆಂಬಂತೆ ಪಾಸಾಗುತ್ತದೆ. ಫೈಲು ಓದಲು ಸುಲಭವಾದರೂ ಬರೆಯದೆ ಬಿಟ್ಟದ್ದು ಅದರಲ್ಲಿ ಕಾಣುವುದಿಲ್ಲ ಎಂಬುದು ಇಲ್ಲಿ ಅರ್ಥವಾಯಿತು.

ನಾವು ಕೊಂಡದ್ದು ಈಟ್ಯಾಬ್ಸ್, ಏಕೆಂದರೆ ನಮಗೆ ಬರುವ ಕೆಲಸದ ಬಹುಪಾಲು ಕಾಂಕ್ರೀಟ್ ಕಟ್ಟಡಗಳೇ. ಶೆಡ್ಡು, ಪೈಪ್ ರ‍್ಯಾಕ್, ನೀರಿನ ಟ್ಯಾಂಕಿನ ಚೌಕಟ್ಟುಗಳೇ ಹೆಚ್ಚಾಗಿರುವ ಕಚೇರಿಯಾಗಿದ್ದರೆ ಸ್ಟಾಡ್ ಎನ್ನಲು ನಾನು ಹಿಂಜರಿಯುತ್ತಿರಲಿಲ್ಲ. ಈಗ ಪ್ರತಿ ಮಾಡೆಲ್ ಓಡಿಸುವ ಮೊದಲು ಒಂದು ಹಾಳೆಯಲ್ಲಿ ಮೂರು ಅಂಕಿಗಳನ್ನು ಕೈಯಿಂದಲೇ ಬರೆದಿಡುತ್ತೇವೆ: ಚದರ ಮೀಟರಿಗೆ 12 ಕಿಲೋನ್ಯೂಟನ್ನಿನಂತೆ ಕಟ್ಟಡದ ಒಟ್ಟು ತೂಕ, ಕೋಡಿನ ಸೂತ್ರದ ಕಂಪನಾವಧಿ ಮತ್ತು ಅದರಿಂದ ಬರುವ ಬೇಸ್ ಶಿಯರ್. ಮಂಗಳೂರಿನ ಕಟ್ಟಡದ ಆ ಹಾಳೆಯಲ್ಲಿ ತೂಕ 36,864 ಕಿಲೋನ್ಯೂಟನ್ ಎಂದಿದೆ, ಅದರ ಕೆಳಗೆ 0.56 ಎಂಬ ಅಂಕಿಯ ಸುತ್ತ ಕೆಂಪು ಶಾಯಿಯ ಗೆರೆ ಇದೆ.