ಹೊಂದಿಸಬಹುದಾದ ಕ್ಲಚ್ ಲಿವರ್: ದೀರ್ಘ ಬಳಕೆಯ ನಂತರದ ವಿಮರ್ಶೆ

ಬೈಕಿನ ಜೊತೆ ಬಂದಿದ್ದ ಕ್ಲಚ್ ಲಿವರನ್ನು ತೆಗೆದು, ಗ್ರಿಪ್‌ನಿಂದ ಎಷ್ಟು ದೂರದಲ್ಲಿರಬೇಕೆಂದು ಸವಾರರೇ ನಿರ್ಧರಿಸಬಹುದಾದ ಆರು ಹಂತಗಳ ಅಲ್ಯೂಮಿನಿಯಂ ಲಿವರನ್ನು ಅಳವಡಿಸಿಕೊಂಡು ಬಹಳ ಕಾಲವಾಯಿತು. ಹೊಸದರಲ್ಲಿ ಬರೆದರೆ ಬಣ್ಣ ಮತ್ತು ಹೊಳಪಿನ ವರ್ಣನೆಯೇ ಹೆಚ್ಚಾಗುತ್ತದೆ. ಆದ್ದರಿಂದ ಮಳೆ, ಬಿಸಿಲು, ದೂಳು ಎಲ್ಲವನ್ನೂ ಅದು ಕಂಡ ಮೇಲೆ ಬರೆಯುತ್ತಿದ್ದೇನೆ. ಇದು ಒಳ್ಳೆಯ ಲಿವರ್. ಆದರೆ ಅದರ ಗುಣ ತಯಾರಕರ ಕೈಯಲ್ಲಿ ಎಷ್ಟಿದೆಯೋ, ಅದನ್ನು ಹೊಂದಿಸುವವರ ಕೈಯಲ್ಲಿ ಅದಕ್ಕಿಂತ ಹೆಚ್ಚಾಗಿದೆ.

ನನ್ನ ಬೆರಳುಗಳು ಗಿಡ್ಡ. ಹಳೆಯ ಲಿವರನ್ನು ಬೆರಳ ತುದಿಯಿಂದ ಎಳೆಯಬೇಕಾಗಿತ್ತು. ವಾಹನಗಳ ಸಾಲಿನಲ್ಲಿ ಮತ್ತೆ ಮತ್ತೆ ಕ್ಲಚ್ ಹಿಡಿದು ಬಿಡುವಾಗ ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೆ ನೋವು ಹತ್ತುತ್ತಿತ್ತು. ಹೊಸ ಲಿವರನ್ನು ಹತ್ತಿರಕ್ಕೆ ತಂದ ಮೇಲೆ ಅದು ಬೆರಳಿನ ನಡುಗೆಣ್ಣಿಗೆ ಸಿಗುತ್ತದೆ. ಅಲ್ಲಿ ಬೆರಳಿಗೆ ಬಲ ಹೆಚ್ಚು, ಹಾಗಾಗಿ ಆ ನೋವು ಈಗಿಲ್ಲ.

ಇದನ್ನೇ ಕೆಲವರು ‘ಕ್ಲಚ್ ಹಗುರವಾಯಿತು’ ಎನ್ನುತ್ತಾರೆ. ಅದು ನಿಜವಲ್ಲ. ಎಳೆಯಲು ಬೇಕಾದ ಬಲವನ್ನು ನಿರ್ಧರಿಸುವುದು ಪಿವಟ್ ಬೋಲ್ಟ್‌ನಿಂದ (ಲಿವರ್ ತಿರುಗುವ ಕೀಲಿನ ಬೋಲ್ಟ್) ಕೇಬಲ್ ನಿಪ್ಪಲ್ (ಲಿವರಿನೊಳಗೆ ಕೂರುವ ಕೇಬಲ್ ತುದಿಯ ಲೋಹದ ತುಂಡು) ಎಷ್ಟು ದೂರದಲ್ಲಿದೆ, ಬೆರಳು ಎಷ್ಟು ದೂರದಲ್ಲಿದೆ ಎಂಬ ಎರಡು ಅಳತೆಗಳ ಅನುಪಾತ. ಅಳವಡಿಸುವ ಮೊದಲು ಹಳೆಯ ಲಿವರಿನ ಮೇಲೆ ಹೊಸದನ್ನಿಟ್ಟು ಪಿವಟ್ ರಂಧ್ರಗಳನ್ನು ಸರಿಹೊಂದಿಸಿ ನೋಡಿದೆ. ನಿಪ್ಪಲ್ ರಂಧ್ರಗಳೂ ಒಂದರ ಮೇಲೊಂದು ಸರಿಯಾಗಿ ಕೂತವು. ಅಂದರೆ ಕೇಬಲ್ ಮೊದಲಿನಷ್ಟೇ ಎಳೆಯಲ್ಪಡುತ್ತದೆ. ನಿಪ್ಪಲ್ ರಂಧ್ರ ಪಿವಟ್‌ಗೆ ಹತ್ತಿರವಿದ್ದರೆ ಲಿವರ್ ಹಗುರವೆನಿಸುತ್ತದೆ, ಆದರೆ ಕೇಬಲ್ ಕಡಿಮೆ ಸರಿದು ಕ್ಲಚ್ ಪೂರ್ತಿ ಬಿಡದೆ, ಅಂದರೆ ಎಂಜಿನ್ ಮತ್ತು ಗೇರಿನ ನಡುವಿನ ಹಿಡಿತ ಪೂರ್ತಿ ತಪ್ಪದೆ ಹೋಗಬಹುದು. ಎರಡು ಬೆರಳಿನ ಗಿಡ್ಡ ಲಿವರಿನಲ್ಲಿ ಬೆರಳೇ ಪಿವಟ್‌ಗೆ ಹತ್ತಿರ ಬರುವುದರಿಂದ ಎಳೆತ ಇನ್ನಷ್ಟು ಭಾರವಾಗುತ್ತದೆ. ನಗರದ ಓಡಾಟಕ್ಕೆ ನಾನು ಉದ್ದದ ಲಿವರನ್ನೇ ಆರಿಸಿದ್ದು ಈ ಕಾರಣಕ್ಕೆ.

ಅಳವಡಿಸುವ ಕೆಲಸ ಕಷ್ಟದ್ದಲ್ಲ. ಲಿವರಿನ ಬಳಿಯ ಲಾಕ್ ರಿಂಗನ್ನು ಸಡಿಲಿಸಿ, ಕೇಬಲ್ಲಿನ ಬಿಗಿ ಹೊಂದಿಸುವ ಅಡ್ಜಸ್ಟರನ್ನು ಒಳಕ್ಕೆ ತಿರುಗಿಸಿ, ಅದರ ಸೀಳು, ರಿಂಗಿನ ಸೀಳು ಮತ್ತು ಲಿವರ್ ಕೂರುವ ಹಿಡಿಕೆಯ ಸೀಳು ಮೂರನ್ನೂ ಒಂದೇ ಗೆರೆಗೆ ತಂದರೆ ಕೇಬಲ್ ಹೊರಬರುತ್ತದೆ. ಬರದಿದ್ದರೆ ಎಂಜಿನ್ ಬಳಿಯ ಅಡ್ಜಸ್ಟರನ್ನೂ ಸಡಿಲಿಸಬೇಕು. ಕೆಲಸ ಮುಗಿದ ಮೇಲೆ ಆ ಸೀಳುಗಳು ಒಂದೇ ಗೆರೆಯಲ್ಲಿ ಉಳಿಯಬಾರದು, ಉಳಿದರೆ ಮಳೆನೀರು ನೇರವಾಗಿ ಕೇಬಲ್‌ ಒಳಗೆ ಇಳಿಯುತ್ತದೆ.

ಹೆಚ್ಚಿನ ಗಮನ ಬೇಕಿರುವುದು ನಿಪ್ಪಲ್‌ಗೆ. ಲಿವರ್ ಎಳೆದಂತೆಲ್ಲ ನಿಪ್ಪಲ್ ತನ್ನ ರಂಧ್ರದಲ್ಲಿ ಸ್ವಲ್ಪ ತಿರುಗಲೇಬೇಕು. ಬಿಗಿಯಾಗಿ ಕೂತು ತಿರುಗದಿದ್ದರೆ ಪ್ರತಿ ಎಳೆತಕ್ಕೂ ತಂತಿ ಒಂದೇ ಜಾಗದಲ್ಲಿ ಬಾಗಿ, ಅದರ ಎಳೆಗಳು ಒಂದೊಂದಾಗಿ ತುಂಡಾಗುತ್ತಾ ಹೋಗುತ್ತವೆ. ನಾನು ಕೊಂಡ ಲಿವರಿನಲ್ಲಿ ಬಣ್ಣದ ಪದರ ರಂಧ್ರದೊಳಗೂ ಇಳಿದು ಅಂಚು ಚೂಪಾಗಿತ್ತು. ನಯವಾದ ಮರಳು ಕಾಗದವನ್ನು ಸುರುಳಿ ಸುತ್ತಿ ಮೃದುವಾಗಿ ಉಜ್ಜಿ, ನಿಪ್ಪಲ್ ಬೆರಳಲ್ಲೇ ತಿರುಗುವಂತಾದ ಮೇಲೆ ಗ್ರೀಸ್ ಹಚ್ಚಿ ಕೂರಿಸಿದೆ. ಈ ಬೆಲೆಯ ವಸ್ತುವಿನಲ್ಲಿ ಅದನ್ನು ಕಾರ್ಖಾನೆಯಲ್ಲೇ ಮಾಡಬೇಕಿತ್ತು.

ಪಿವಟ್ ಬೋಲ್ಟನ್ನು ಬಲವಾಗಿ ಬಿಗಿಯಬಾರದು. ಬಿಗಿದರೆ ಹಿಡಿಕೆಯ ಎರಡು ಕಿವಿಗಳು ಲಿವರನ್ನು ಅಮುಕಿ, ಬಿಟ್ಟಾಗ ಅದು ಪೂರ್ತಿ ಹಿಂದಿರುಗುವುದಿಲ್ಲ. ಲಿವರ್ ಸಲೀಸಾಗಿ ಆಡುವಷ್ಟು ಮಾತ್ರ ಬಿಗಿದು, ಬೋಲ್ಟ್ ತಿರುಗದಂತೆ ಹಿಡಿದುಕೊಂಡು ಕೆಳಗಿನ ಲಾಕ್ ನಟ್ಟನ್ನು ಬಿಗಿಯಬೇಕು. ಕ್ಲಚ್ ಸ್ವಿಚ್ ಇರುವ ಬೈಕುಗಳಲ್ಲಿ ಲಿವರಿನ ಚಿಕ್ಕ ಚಾಚು ಸ್ವಿಚ್ಚಿನ ಗುಂಡಿಯನ್ನು ಒತ್ತುತ್ತದೆಯೇ ಎಂಬುದನ್ನೂ ನೋಡಬೇಕು. ಬೈಕ್ ತಯಾರಕರದ್ದಲ್ಲದ ಹೊರಗಿನ ಲಿವರುಗಳಲ್ಲಿ ಈ ಚಾಚು ಕೆಲವೊಮ್ಮೆ ಗಿಡ್ಡವಾಗಿದ್ದು, ಕ್ಲಚ್ ಹಿಡಿದರೂ ಗೇರಿನಲ್ಲಿ ಸ್ಟಾರ್ಟರ್ ಕೆಲಸ ಮಾಡುವುದಿಲ್ಲ.

ಇನ್ನು ಫ್ರೀ ಪ್ಲೇ, ಅಂದರೆ ಕೇಬಲ್ ಬಿಗಿಯಾಗುವ ಮೊದಲು ಲಿವರ್ ಸುಮ್ಮನೆ ಆಡುವ ಸಡಿಲ. ಲಿವರಿನ ತುದಿಯಲ್ಲಿ ಅಳೆದಾಗ 10ರಿಂದ 20 ಮಿಲಿಮೀಟರ್ ಸಡಿಲವಿರಬೇಕೆಂದು ಕೇಬಲ್ ಕ್ಲಚ್ಚಿನ ಅನೇಕ ಬೈಕುಗಳ ಕೈಪಿಡಿ ಹೇಳುತ್ತದೆ. ನಿಮ್ಮ ಬೈಕಿನ ಕೈಪಿಡಿಯಲ್ಲಿರುವ ಅಳತೆಯೇ ನಿಮಗೆ ಅಂತಿಮ. ದೊಡ್ಡ ಹೊಂದಾಣಿಕೆಯನ್ನು ಎಂಜಿನ್ ಕಡೆಯಲ್ಲಿ ಮಾಡಿ, ಸೂಕ್ಷ್ಮವಾದುದನ್ನು ಲಿವರಿನ ಬಳಿ ಮಾಡಬೇಕು. ಸಡಿಲ ಇಲ್ಲವೇ ಇಲ್ಲವೆಂದರೆ ಪ್ಲೇಟುಗಳ ಮೇಲಿನ ಒತ್ತಡ ತಗ್ಗಿ ಕ್ಲಚ್ ಜಾರುತ್ತದೆ, ಬಿಸಿಯಾಗಿ ಸವೆಯುತ್ತದೆ. ಸಡಿಲ ಅತಿಯಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿದಾಗಲೂ ಈ ಸಡಿಲ ಹಾಗೆಯೇ ಉಳಿಯಬೇಕು.

ಹಂತ ಬದಲಿಸುವ ಚಕ್ರದ ಬಗ್ಗೆ ತಯಾರಕರ ಚೀಟಿ ‘ನಿಮಗೆ ಬೇಕಾದ ಹಂತವನ್ನು ಆರಿಸಿ’ ಎಂದಷ್ಟೇ ಹೇಳುತ್ತದೆ. ನನ್ನ ಅನುಭವದಲ್ಲಿ ಅಷ್ಟು ಸಾಲದು. ಲಿವರ್ ಗ್ರಿಪ್‌ಗೆ ಹತ್ತಿರ ಬಂದಷ್ಟೂ ಅದು ಚಲಿಸಬಹುದಾದ ದೂರ ಕಡಿಮೆಯಾಗುತ್ತದೆ. ಅತಿ ಹತ್ತಿರದ ಹಂತದಲ್ಲಿ, ಕ್ಲಚ್ ಪೂರ್ತಿ ಬಿಡುವ ಮೊದಲೇ ನನ್ನ ಲಿವರ್ ಗ್ರಿಪ್ಪನ್ನು ಮುಟ್ಟುತ್ತಿತ್ತು: ಮೊದಲ ಗೇರ್ ಹಾಕುವಾಗ ಧಡ್ ಎಂಬ ಸದ್ದು, ನಿಂತಲ್ಲಿ ನ್ಯೂಟ್ರಲ್ ಸಿಗದಿರುವುದು, ಲಿವರ್ ಪೂರ್ತಿ ಹಿಡಿದಿದ್ದರೂ ಬೈಕ್ ಮೆಲ್ಲಗೆ ಮುಂದೆ ಜಗ್ಗುವುದು. ಎರಡೇ ಬೆರಳಲ್ಲಿ ಎಳೆಯುವವರಿಗೆ ಉಳಿದ ಎರಡು ಬೆರಳುಗಳು ನಡುವೆ ಸಿಕ್ಕಿಕೊಳ್ಳುವುದರಿಂದ, ದಪ್ಪ ಗ್ಲೌಸ್ ಹಾಕಿದ್ದರೆ ಅದರಾಚೆಯ ಹಂತದಲ್ಲೂ ಹೀಗಾಗುತ್ತದೆ. ಇದನ್ನು ಸರಿಪಡಿಸಲೆಂದು ಫ್ರೀ ಪ್ಲೇಯನ್ನು ತೆಗೆದುಬಿಡುವ ಸಲಹೆಯನ್ನು ಯಾರಾದರೂ ಕೊಟ್ಟರೆ ದಯವಿಟ್ಟು ಕೇಳಬೇಡಿ. ಅಂಗೈಯ ಸುಖಕ್ಕಾಗಿ ಕ್ಲಚ್ ಪ್ಲೇಟುಗಳನ್ನು ಸುಟ್ಟಂತಾಗುತ್ತದೆ. ಮಧ್ಯದ ಹಂತಕ್ಕೆ ಬನ್ನಿ. ನಾನು ಅಲ್ಲೇ ನೆಲೆನಿಂತಿದ್ದೇನೆ. ಹಂತ ಬದಲಿಸಿದಾಗಲೆಲ್ಲ ನಿಂತಲ್ಲೇ, ಬ್ರೇಕ್ ಹಿಡಿದು, ಗೇರ್ ಹಾಕಿ ಬೈಕ್ ಜಗ್ಗುತ್ತದೆಯೇ ಎಂದು ನೋಡಿಕೊಂಡೇ ಹೊರಡುತ್ತೇನೆ.

ಕೇಬಲ್ ಬದಲು ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್ಚಿನವರ ವಿಷಯ ಬೇರೆ. ಅಲ್ಲಿ ಲಿವರ್ ಪಿಸ್ಟನ್ನನ್ನು ಸದಾ ಒಂದಿಷ್ಟು ಒತ್ತಿಕೊಂಡೇ ಇದ್ದರೆ ಎಣ್ಣೆ ಹಿಂದಿರುಗುವ ಚಿಕ್ಕ ರಂಧ್ರ ಮುಚ್ಚಿಕೊಂಡು, ಎಣ್ಣೆ ಬಿಸಿಯಾಗಿ ಹಿಗ್ಗಿದಾಗ ಕ್ಲಚ್ ತಾನಾಗಿಯೇ ಜಾರತೊಡಗುತ್ತದೆ. ಅಂಥವರು ತಮ್ಮದೇ ಮಾದರಿಗೆಂದು ಮಾಡಿದ ಲಿವರನ್ನೇ ಕೊಳ್ಳಬೇಕು.

ಬಾಳಿಕೆಯ ಬಗ್ಗೆ ಹೇಳುವುದಾದರೆ, ಕಪ್ಪು ಬಣ್ಣ ಬಿಸಿಲಿಗೆ ಕಂದುಗಟ್ಟಿದೆ, ಅದು ನನಗೆ ದೊಡ್ಡ ವಿಷಯವಲ್ಲ. ಹಂತದ ಚಕ್ರದ ಸ್ಪ್ರಿಂಗ್ ಇಂದಿಗೂ ಟಕ್ಕೆಂದು ಕೂರುತ್ತದೆ. ಆದರೆ ಎರಡು ಭಾಗಗಳು ಸೇರುವ ಕೀಲಿನಲ್ಲಿ ಮೇಲೆ ಕೆಳಗೆ ಸ್ವಲ್ಪ ಅಲುಗಾಟ ಬಂದಿದೆ. ಒಂದೇ ತುಂಡಿನ ಹಳೆಯ ಲಿವರಿನಲ್ಲಿ ಇದಿರಲಿಲ್ಲ. ಪಿವಟ್‌ನ ಕಂಚಿನ ಬುಷ್ (ರಂಧ್ರದೊಳಗಿನ ಬಳೆ) ಮಾತ್ರ, ಮಳೆಯಲ್ಲಿ ನೆನೆದ ಮೇಲೆಲ್ಲ ಒರೆಸಿ ಗ್ರೀಸ್ ಹಚ್ಚುತ್ತಾ ಬಂದದ್ದರಿಂದ, ಚೆನ್ನಾಗಿಯೇ ಉಳಿದಿದೆ. ಬುಷ್ ಇಲ್ಲದ ಅಗ್ಗದ ಲಿವರುಗಳಲ್ಲಿ ಉಕ್ಕಿನ ಬೋಲ್ಟ್ ಮೆತ್ತನೆಯ ಅಲ್ಯೂಮಿನಿಯಂ ರಂಧ್ರವನ್ನು ನೇರವಾಗಿ ತಿಂದುಹಾಕುತ್ತದೆ.

ಕೊಳ್ಳುವಾಗ ತುದಿಯ ಗುಂಡನ್ನೂ ನೋಡಿ. ಅಂದಕ್ಕೆಂದು ತುದಿಯನ್ನು ತೆಳ್ಳಗೆ ಚೂಪು ಮಾಡಿದ ಲಿವರ್ ಬಿದ್ದಾಗ ಮೈಗೆ ಚುಚ್ಚಬಹುದು. ಅಂತರರಾಷ್ಟ್ರೀಯ ರೇಸುಗಳನ್ನು ನಡೆಸುವ ಎಫ್‌ಐಎಂ ಕೂಡ ಈ ಗುಂಡು ಕನಿಷ್ಠ 16 ಮಿಲಿಮೀಟರ್ ವ್ಯಾಸದ್ದಾಗಿರಬೇಕೆಂದು ನಿಯಮ ಮಾಡಿದೆ. ಬಿಲ್ಲೆಟ್‌ನಿಂದ (ಲೋಹದ ಗಟ್ಟಿಯಿಂದ) ಕಡೆದ ಗಟ್ಟಿ ಲಿವರುಗಳು ಬೈಕ್ ಬಿದ್ದಾಗ ಬಾಗುವ ಬದಲು ಮುರಿಯಬಹುದಾದ್ದರಿಂದ, ತೆಗೆದ ಹಳೆಯ ಲಿವರನ್ನು ಬಿಸಾಡದೆ, ಅದರ ಬೋಲ್ಟ್ ಮತ್ತು ನಟ್ ಸಮೇತ ದೂರ ಪ್ರಯಾಣದ ಚೀಲದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.